ದೇಶವಿಲ್ಲದವರ ವಿಶ್ವಕಪ್: ಅಲ್ಲೂ ಗೆಲ್ಲುವುದು ಬೆನ್ನಿಗೆ ಯಾರಾದರೂ ಇದ್ದವರೇ

2025ರ ಜೂನ್‌ನಲ್ಲಿ ಗ್ರೀನ್‌ಲ್ಯಾಂಡ್‌ಗೆ ಒಂದು ಉತ್ತರ ಬಂತು. ಉತ್ತರ ಅಮೆರಿಕ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಭಾಗದ ಫುಟ್‌ಬಾಲ್ ನೋಡಿಕೊಳ್ಳುವ ಒಕ್ಕೂಟ ಕಾನ್‌ಕಾಕಾಫ್. ಅದರ ಸದಸ್ಯತ್ವಕ್ಕೆ ಗ್ರೀನ್‌ಲ್ಯಾಂಡ್ ಹಿಂದಿನ ವರ್ಷ ಮೇನಲ್ಲೇ ಅರ್ಜಿ ಹಾಕಿತ್ತು. ಸದಸ್ಯರೆಲ್ಲ ಸೇರಿದರು, ಒಮ್ಮತದಿಂದ ಬೇಡ ಎಂದರು. ಕಥೆ ಮುಗಿಯಿತು.

ಗ್ರೀನ್‌ಲ್ಯಾಂಡ್‌ಗೆ ತನ್ನದೇ ಸಂಸತ್ತಿದೆ, ತನ್ನದೇ ಭಾಷೆಯಿದೆ, ಸುಮಾರು 57,000 ಜನ ಇದ್ದಾರೆ. ಹುಲ್ಲು ಸರಿಯಾಗಿ ಬೆಳೆಯದ ನೆಲದಲ್ಲಿ ಕೃತಕ ಹಾಸು ಹಾಕಿಕೊಂಡು ಆಡುತ್ತಾರೆ. ಆದರೆ ಅದು ಡೆನ್ಮಾರ್ಕ್ ರಾಜ್ಯದ ಭಾಗ. ಹಾಗಾಗಿ ಅಂತಾರಾಷ್ಟ್ರೀಯ ಫುಟ್‌ಬಾಲ್ ಇಲ್ಲ ಎಂದು ಯಾರಾದರೂ ಹೇಳಿದರೆ ತಕ್ಷಣ ಒಂದು ಪ್ರಶ್ನೆ ಕೇಳಬೇಕಾಗುತ್ತದೆ. ಫರೋ ದ್ವೀಪಗಳೂ ಅದೇ ಡೆನ್ಮಾರ್ಕ್ ರಾಜ್ಯದ ಭಾಗ ಅಲ್ವಾ? ಅವರು 1988ರಲ್ಲೇ ಫಿಫಾ ಸೇರಿದರು. 1990ರಲ್ಲಿ ತಮ್ಮ ಮೊದಲ ಯೂರೋ ಅರ್ಹತಾ ಪಂದ್ಯದಲ್ಲಿ ಆಸ್ಟ್ರಿಯಾವನ್ನು 1-0ಯಿಂದ ಸೋಲಿಸಿದರು. ಆ ಪಂದ್ಯ ನಡೆದದ್ದು ಸ್ವೀಡನ್‌ನಲ್ಲಿ. ಏಕೆಂದರೆ ಫರೋಗಳ ಹತ್ತಿರ ಆಗ ಒಂದು ಹುಲ್ಲಿನ ಮೈದಾನವೂ ಇರಲಿಲ್ಲ.

ಫಿಫಾದ ನಿಯಮ ಓದಲು ಸರಳವಾಗಿದೆ. ಸದಸ್ಯತ್ವ ಒಂದು ದೇಶದ ಫುಟ್‌ಬಾಲ್ ಸಂಸ್ಥೆಗೆ ಸಿಗುತ್ತದೆ. ದೇಶ ಎಂದರೆ ಅಂತಾರಾಷ್ಟ್ರೀಯ ಸಮುದಾಯ ಒಪ್ಪಿಕೊಂಡ ಸ್ವತಂತ್ರ ರಾಷ್ಟ್ರ. ಹೀಗಿದ್ದೂ ವಿಶ್ವಸಂಸ್ಥೆಯಲ್ಲಿ 193 ಸದಸ್ಯರು, ಫಿಫಾದಲ್ಲಿ 211. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ನಾಲ್ಕೂ ಬೇರೆ ಬೇರೆ ಸದಸ್ಯರು. ಹಾಂಕಾಂಗ್ ಇದೆ, ಮಕಾವ್ ಇದೆ, ನ್ಯೂ ಕ್ಯಾಲೆಡೋನಿಯಾ ಇದೆ. ಪ್ಯಾಲೆಸ್ಟೈನ್‌ಗೆ ವಿಶ್ವಸಂಸ್ಥೆ ವೀಕ್ಷಕ ರಾಷ್ಟ್ರದ ಸ್ಥಾನ ಕೊಟ್ಟದ್ದು 2012ರಲ್ಲಿ. ಫಿಫಾ ಒಳಗೆ ಬಿಟ್ಟುಕೊಂಡದ್ದು 1998ರಲ್ಲೇ. ಇನ್ನೊಂದು ಕಡೆ ವಿಶ್ವಸಂಸ್ಥೆಯ ಪೂರ್ಣ ಸದಸ್ಯರಾದ ಟುವಾಲು, ಕಿರಿಬಾಟಿ, ಮೊನಾಕೊ ಫಿಫಾದಲ್ಲಿಲ್ಲ.

ಅಂದರೆ ಬಾಗಿಲು ಇರುವುದು ನಿಯಮದಲ್ಲಿ ಮಾತ್ರ ಅಲ್ಲ. ನೀವು ಯಾವ ವರ್ಷ ಬಂದು ತಟ್ಟಿದಿರಿ, ನಿಮ್ಮ ಎದುರು ಯಾರು ನಿಂತಿದ್ದಾರೆ, ಅದರ ಮೇಲೆ ಎಲ್ಲವೂ ನಿಂತಿದೆ. ಸ್ಪೇನ್‌ನ ತುದಿಯಲ್ಲಿರುವ ಬ್ರಿಟಿಷ್ ಪ್ರದೇಶ ಜಿಬ್ರಾಲ್ಟರ್ 1997ರಲ್ಲಿ ಫಿಫಾಗೆ ಅರ್ಜಿ ಹಾಕಿತು. ಸ್ಪೇನ್ ಅಡ್ಡ ನಿಂತಿತು. ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್ಎ 2001ರಲ್ಲಿ ತನ್ನ ನಿಯಮವನ್ನೇ ಬಿಗಿ ಮಾಡಿ, ವಿಶ್ವಸಂಸ್ಥೆ ಒಪ್ಪಿದ ದೇಶಗಳಿಗೆ ಮಾತ್ರ ಪ್ರವೇಶ ಎಂದಿತು. ಕ್ರೀಡಾ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿ ಇಳಿದು ಜಿಬ್ರಾಲ್ಟರ್ 2013ರಲ್ಲಿ ಯುಇಎಫ್ಎ, 2016ರಲ್ಲಿ ಫಿಫಾ ಸೇರಿತು. ಹೆಚ್ಚುಕಡಿಮೆ ಎರಡು ದಶಕ ಹಿಡಿಯಿತು. ಸರ್ಬಿಯಾದಿಂದ ಬೇರೆಯಾದ ಕೊಸೊವೊ ವಿಶ್ವಸಂಸ್ಥೆಯ ಸದಸ್ಯ ಅಲ್ಲ. ಆದರೂ 2016ರಲ್ಲಿ ಯುಇಎಫ್ಎ ಅದನ್ನು 28-24 ಮತದಿಂದ ಸೇರಿಸಿಕೊಂಡಿತು. ಬೆನ್ನಿಗೆ ಅಮೆರಿಕ ಮತ್ತು ಪಶ್ಚಿಮ ಯುರೋಪಿನ ದೊಡ್ಡ ದೇಶಗಳು ಇದ್ದದ್ದನ್ನು ಮರೆಯುವಂತಿಲ್ಲ.

ಜಾಂಜಿಬಾರ್‌ನ ಕಥೆ ಇದಕ್ಕಿಂತ ಬೇಸರದ್ದು. ಆಫ್ರಿಕಾದ ಫುಟ್‌ಬಾಲ್ ಒಕ್ಕೂಟ 2017ರ ಮಾರ್ಚ್‌ನಲ್ಲಿ ಅದನ್ನು ಪೂರ್ಣ ಸದಸ್ಯನನ್ನಾಗಿ ಮಾಡಿತು. ಜುಲೈನಲ್ಲಿ ವಾಪಸ್ ಕಿತ್ತುಕೊಂಡಿತು. ಜಾಂಜಿಬಾರ್ ಟಾಂಜಾನಿಯಾದ ಭಾಗ, ಒಂದು ದೇಶಕ್ಕೆ ಎರಡು ಸಂಸ್ಥೆ ಆಗುವುದಿಲ್ಲ ಎಂಬುದು ಕಾರಣ. ಮಾರ್ಚ್‌ನಲ್ಲಿ ಅದು ಗೊತ್ತಿರಲಿಲ್ಲವೇ ಎಂದು ಕೇಳಿದರೆ ಉತ್ತರ ಕೊಡುವವರು ಯಾರೂ ಇಲ್ಲ.

ಒಳಗಿದ್ದವರಿಗೆ ಸಿಗುವುದೇನು? ಮೊದಲನೆಯದು ದುಡ್ಡು. ಫಿಫಾದ ಫಾರ್ವರ್ಡ್ ಯೋಜನೆಯಲ್ಲಿ 2023ರಿಂದ 2026ರ ನಾಲ್ಕು ವರ್ಷಕ್ಕೆ ಒಬ್ಬ ಸದಸ್ಯನಿಗೆ 80 ಲಕ್ಷ ಡಾಲರ್‌ವರೆಗೆ ಸಿಗುತ್ತದೆ. ಇಟಲಿಯ ಹೊಟ್ಟೆಯೊಳಗಿನ ಪುಟ್ಟ ಸ್ಯಾನ್ ಮರೀನೊಗೂ ಸಿಗುತ್ತದೆ, ಅಲ್ಲಿರುವುದು ಮೂವತ್ತು ಚಿಲ್ಲರೆ ಸಾವಿರ ಜನ. ಲಕ್ಷಗಟ್ಟಲೆ ಜನರಿರುವ ಇರಾಕಿ ಕುರ್ದಿಸ್ತಾನಕ್ಕೆ ನೇರವಾಗಿ ಒಂದು ಪೈಸೆಯೂ ಇಲ್ಲ. ಎರಡನೆಯದು ಮತ. ಬ್ರೆಜಿಲ್‌ಗೂ ಒಂದು, ಸ್ಯಾನ್ ಮರೀನೊಗೂ ಒಂದು. ಮೂರನೆಯದನ್ನು ಲೆಕ್ಕದಲ್ಲಿ ಹಿಡಿಯಲಾಗದು. 2021ರ ಮಾರ್ಚ್‌ನಲ್ಲಿ ಸೆವಿಲ್‌ನಲ್ಲಿ ಸ್ಪೇನ್ ಮತ್ತು ಕೊಸೊವೊ ನಡುವೆ ವಿಶ್ವಕಪ್ ಅರ್ಹತಾ ಪಂದ್ಯ ನಡೆಯಿತು. ಸ್ಪೇನ್ ಕೊಸೊವೊವನ್ನು ದೇಶವೆಂದು ಒಪ್ಪಿಲ್ಲ. ಸ್ಪೇನ್‌ನ ಸರ್ಕಾರಿ ವಾಹಿನಿ ಪರದೆಯ ಮೂಲೆಯಲ್ಲಿ ತಮ್ಮ ತಂಡದ ಹೆಸರನ್ನು ದೊಡ್ಡಕ್ಷರದಲ್ಲಿ ಹಾಕಿ, ಕೊಸೊವೊ ಹೆಸರಿನ ಮೂರು ಅಕ್ಷರಗಳನ್ನು ಸಣ್ಣಕ್ಷರದಲ್ಲಿ ಹಾಕಿತು. ಇಷ್ಟು ಸಣ್ಣತನ ಯಾಕೆ ಬೇಕಾಯಿತು? ಮೈದಾನದಲ್ಲಿ ಧ್ವಜ ಹಾರಿಸಿ, ಗೀತೆ ಹಾಡಿ, ಹನ್ನೊಂದು ಜನ ಎದುರು ನಿಂತರೆ ಅದು ದೇಶದ ಹಾಗೇ ಕಾಣುತ್ತದೆ. ಸ್ಪೇನ್‌ಗೆ ಕಾಡಿದ್ದು ಅದೇ.

ಈ ಶಕ್ತಿಯನ್ನು ಬಹಳ ಮೊದಲೇ ಅರಿತವರು ಅಲ್ಜೀರಿಯಾದವರು. 1958ರ ಏಪ್ರಿಲ್‌ನಲ್ಲಿ ಫ್ರಾನ್ಸ್‌ನ ಕ್ಲಬ್‌ಗಳಲ್ಲಿ ಆಡುತ್ತಿದ್ದ ಅಲ್ಜೀರಿಯಾ ಮೂಲದ ಆಟಗಾರರು ಸದ್ದಿಲ್ಲದೆ ಗಡಿ ದಾಟಿ ಟ್ಯುನಿಸ್ ಸೇರಿದರು. ರಶೀದ್ ಮೆಖ್ಲೂಫಿ ಮತ್ತು ಮುಸ್ತಫಾ ಜಿತೂನಿ ಇಬ್ಬರೂ ಆ ವರ್ಷದ ವಿಶ್ವಕಪ್‌ಗೆ ಫ್ರಾನ್ಸ್ ತಂಡದಲ್ಲಿ ಆಡುವ ನಿರೀಕ್ಷೆಯಲ್ಲಿದ್ದವರು. ಮೆಖ್ಲೂಫಿ ಆಗ ಫ್ರೆಂಚ್ ಸೇನೆಯ ಸೇವೆಯಲ್ಲಿದ್ದ. ಅಂದರೆ ಸೇನೆ ಬಿಟ್ಟು ಓಡಿಹೋದ ಅಪರಾಧವೂ ತಲೆಯ ಮೇಲೆ. ಅವರು ಕಟ್ಟಿದ ತಂಡ ಸ್ವಾತಂತ್ರ್ಯ ಹೋರಾಟದ ಎಫ್‌ಎಲ್‌ಎನ್ ಹೆಸರಿನಲ್ಲಿ ಪೂರ್ವ ಯುರೋಪ್, ಅರಬ್ ದೇಶಗಳು, ಏಷ್ಯಾ ಸುತ್ತಿ ಆಡಿತು. ಅದರ ಜೊತೆ ಆಡಿದವರಿಗೆ ಶಿಕ್ಷೆ ಎಂದು ಫಿಫಾ ಬೆದರಿಸಿತು. ಆದರೂ ಆಡಲು ಜನ ಸಿಕ್ಕರು. 1962ರಲ್ಲಿ ದೇಶ ಸ್ವತಂತ್ರವಾಯಿತು, ಮುಂದೆ ಫಿಫಾ ಅದೇ ಅಲ್ಜೀರಿಯಾವನ್ನು ಸೇರಿಸಿಕೊಂಡಿತು. ಮೆಖ್ಲೂಫಿ ತನ್ನ ಹಳೆಯ ಕ್ಲಬ್ ಸೇಂಟ್ ಎಟಿಯೆನ್‌ಗೆ ಮರಳಿ ಮತ್ತೆ ಆಡಿದ.

ಗ್ರೀನ್‌ಲ್ಯಾಂಡ್‌ಗೂ ಇಂಥದ್ದೊಂದು ಅಧ್ಯಾಯವಿದೆ. 2001ರ ಜೂನ್ 30ರಂದು ಕೋಪನ್‌ಹೇಗನ್‌ನ ಒಂದು ಸಣ್ಣ ಮೈದಾನದಲ್ಲಿ ಅದು ಟಿಬೆಟ್ ವಿರುದ್ಧ ಆಡಿತು. ಗ್ರೀನ್‌ಲ್ಯಾಂಡ್ 4-1ರಿಂದ ಗೆದ್ದಿತು. ಆದರೆ ಪಂದ್ಯಕ್ಕೆ ಮುಂಚಿನ ಗಲಾಟೆಯೇ ದೊಡ್ಡದು. ಟಿಬೆಟ್ ಧ್ವಜದಡಿ ತಂಡವೊಂದು ಆಡಿದರೆ ವ್ಯಾಪಾರ ಸಂಬಂಧಕ್ಕೆ ಪೆಟ್ಟು ಬೀಳುತ್ತದೆ ಎಂದು ಚೀನಾ ಎಚ್ಚರಿಸಿತು. ಗ್ರೀನ್‌ಲ್ಯಾಂಡ್‌ನ ದೊಡ್ಡ ರಫ್ತು ಸಿಗಡಿ, ಚೀನಾ ಅದರ ಒಳ್ಳೆಯ ಗಿರಾಕಿ. ಒಂದು ಸೌಹಾರ್ದ ಪಂದ್ಯಕ್ಕೂ ಸಿಗಡಿಯ ಬೆಲೆ ಕಟ್ಟಬೇಕಾದ ಪರಿಸ್ಥಿತಿ. ಆದರೂ ಆಡಿದರು. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬ ಇಷ್ಟವಾದ ಪಂದ್ಯ ಇದು.

ಇಂಥ ತಂಡಗಳನ್ನೆಲ್ಲ ಒಂದೆಡೆ ಸೇರಿಸುವ ಪ್ರಯತ್ನ 2003ರಲ್ಲಿ ಎನ್‌ಎಫ್ ಬೋರ್ಡ್ ಎಂಬ ಹೆಸರಿನಲ್ಲಿ ಶುರುವಾಯಿತು. ಅದು ವಿವಾ ವಿಶ್ವಕಪ್ ನಡೆಸಿತು. 2006ರ ಮೊದಲ ಟೂರ್ನಿಯ ಫೈನಲ್‌ನಲ್ಲಿ ಉತ್ತರ ಯುರೋಪಿನ ಮೂಲನಿವಾಸಿ ಸಾಮಿ ಜನರ ತಂಡ ಮೊನಾಕೊವನ್ನು 21-1ರಿಂದ ಸೋಲಿಸಿತು. ಫೈನಲ್‌ನಲ್ಲಿ 21-1! ಅಲ್ಲಿಗೆ ಗುಣಮಟ್ಟ ಎಷ್ಟು ಏರುಪೇರಾಗಿತ್ತು ಎಂದು ಲೆಕ್ಕ ಹಾಕಿಕೊಳ್ಳಿ. 2012ರಲ್ಲಿ ಎರ್ಬಿಲ್‌ನಲ್ಲಿ ನಡೆದ ಟೂರ್ನಿಯನ್ನು ಆತಿಥೇಯ ಕುರ್ದಿಸ್ತಾನ ಗೆದ್ದಿತು. ಅದೇ ಕೊನೆ.

ಮರುವರ್ಷ ಹುಟ್ಟಿದ್ದು ಕೊನಿಫಾ. ಪೂರ್ತಿ ಹೆಸರು ಕಾನ್ಫೆಡರೇಷನ್ ಆಫ್ ಇಂಡಿಪೆಂಡೆಂಟ್ ಫುಟ್‌ಬಾಲ್ ಅಸೋಸಿಯೇಷನ್ಸ್. ಸ್ವೀಡನ್‌ನಲ್ಲಿ ನೋಂದಣಿ. ಮುಂದೆ ನಿಂತವರು ಪೆರ್ ಆಂಡರ್ಸ್ ಬ್ಲಿಂಡ್, ಹಿಮಸಾರಂಗ ಸಾಕುವ ಸಾಮಿ ಕುಟುಂಬದವರು, ಹಿಂದೆ ರೆಫರಿಯಾಗಿದ್ದವರು. ಕೊನಿಫಾ ಸೇರಲು ಸ್ವತಂತ್ರ ದೇಶವಾಗಿರಬೇಕಿಲ್ಲ. ಭಾಷಾ ಅಲ್ಪಸಂಖ್ಯಾತರು, ಮೂಲನಿವಾಸಿಗಳು, ಸ್ವಂತ ಆಡಳಿತ ಇದ್ದೂ ಮಾನ್ಯತೆ ಇಲ್ಲದ ಪ್ರದೇಶದವರು, ನೆಲ ಕಳೆದುಕೊಂಡು ಚದುರಿದವರು, ಎಲ್ಲರಿಗೂ ಜಾಗ ಇದೆ. ಫಿಫಾದಲ್ಲಿ ಮಾತ್ರ ಇರಬಾರದು. ಮತ್ತೊಂದು ಷರತ್ತು, ರಾಜಕೀಯ ಬೇಡ.

ಕೊನಿಫಾ ಅತಿ ಹೆಚ್ಚು ಸುದ್ದಿಯಾದದ್ದು 2018ರ ಲಂಡನ್ ಟೂರ್ನಿಯಲ್ಲಿ. ಕಾಗದದ ಮೇಲೆ ಆತಿಥೇಯರು ಲಂಡನ್‌ನವರಲ್ಲ. ದಕ್ಷಿಣ ಸೊಮಾಲಿಯಾದ ಬಂದರು ಪಟ್ಟಣ ಬರಾವಾದಿಂದ ಬಂದು ಅಲ್ಲಿ ನೆಲೆಸಿದವರ ತಂಡ ಆತಿಥೇಯ. ತವರಿನಲ್ಲಿ ಟೂರ್ನಿ ಮಾಡುವ ಮಾತೇ ಇರಲಿಲ್ಲ. ಹದಿನಾರು ತಂಡಗಳು, ಮೇ 31ರಿಂದ ಜೂನ್ 9ರವರೆಗೆ ಹತ್ತು ದಿನ, ಲಂಡನ್ ಸುತ್ತಮುತ್ತಲಿನ ಕೆಳ ದರ್ಜೆಯ ಕ್ಲಬ್‌ಗಳ ಮೈದಾನಗಳು. ಬ್ರಾಮ್ಲಿಯಲ್ಲಿ ಬರಾವಾ ಮತ್ತು ತಮಿಳು ಈಳಂ ನಡುವೆ ಮೊದಲ ಪಂದ್ಯ. ಎನ್‌ಫೀಲ್ಡ್‌ನಲ್ಲಿ ಫೈನಲ್.

ಆ ಟೂರ್ನಿಯಲ್ಲಿ ಎರಡು ಸಂಗತಿ ಗಮನಿಸುವಂಥವು. ಒಂದು, ಹಳದಿ ಮತ್ತು ಕೆಂಪು ಕಾರ್ಡಿನ ಮಧ್ಯೆ ಹಸಿರು ಕಾರ್ಡ್ ಇತ್ತು. ಸುಮ್ನೆ ಬಿದ್ದು ನಾಟಕ ಮಾಡಿದವನಿಗೆ, ರೆಫರಿ ಜೊತೆ ಜಗಳಕ್ಕೆ ನಿಂತವನಿಗೆ ಹಸಿರು ಕಾರ್ಡ್ ತೋರಿಸಿದರೆ ಅವನು ಹೊರಗೆ ಹೋಗಬೇಕು. ಆದರೆ ಬದಲಿ ಆಟಗಾರ ಒಳಗೆ ಬರಬಹುದು. ತಪ್ಪು ಮಾಡಿದವನಿಗೆ ಶಿಕ್ಷೆ, ತಂಡಕ್ಕಲ್ಲ. ಫಿಫಾ ಇದನ್ನು ಎತ್ತಿಕೊಂಡರೆ ನಷ್ಟವೇನೂ ಇಲ್ಲ. ಇನ್ನೊಂದು, ಸೋತವರೂ ಮನೆಗೆ ಹೋಗುವಂತಿಲ್ಲ. ಗುಂಪಿನಲ್ಲಿ ಮೂರು ಪಂದ್ಯ ಆದ ಮೇಲೆ ಸೋತವರೆಲ್ಲ ಒಂಬತ್ತರಿಂದ ಹದಿನಾರರವರೆಗಿನ ಸ್ಥಾನಕ್ಕೆ ಮತ್ತೆ ಮೂರು ಪಂದ್ಯ ಆಡಬೇಕು. ಹತ್ತು ದಿನದಲ್ಲಿ ಆರು ಪಂದ್ಯ ದೇಹಕ್ಕೆ ದಂಡನೆಯೇ, ನಿಜ. ಆದರೆ ಚಂದಾ ಎತ್ತಿ ವಿಮಾನದ ಟಿಕೆಟ್ ತೆಗೆದುಕೊಂಡು ಬಂದ ಮಾಟಬೆಲೆಲ್ಯಾಂಡ್‌ನಂಥ ತಂಡಕ್ಕೆ ಮೂರೇ ಪಂದ್ಯ ಆಡಿಸಿ ಕಳಿಸಿದರೆ ಏನು ಸಾರ್ಥಕ? ಜಿಂಬಾಬ್ವೆಯ ಪಶ್ಚಿಮ ಭಾಗದ ಮಾಟಬೆಲೆಲ್ಯಾಂಡ್‌ನಲ್ಲಿ 1980ರ ದಶಕದಲ್ಲಿ ಸರ್ಕಾರಿ ಪಡೆಗಳೇ ಸಾವಿರಾರು ಜನರನ್ನು ಕೊಂದಿದ್ದವು. ಲಿವರ್‌ಪೂಲ್‌ನ ಹಳೆಯ ಗೋಲ್‌ಕೀಪರ್ ಬ್ರೂಸ್ ಗ್ರೊಬ್ಬೆಲಾರ್ ತನ್ನ 60ನೇ ವಯಸ್ಸಿನಲ್ಲಿ ಆ ತಂಡದ ಪರವಾಗಿ ಒಂದು ಪ್ರದರ್ಶನ ಪಂದ್ಯಕ್ಕೆ ಕೈಗವಸು ಹಾಕಿದ.

ಇಷ್ಟು ಓದಿದರೆ ಇದೆಲ್ಲ ಬಹಳ ಚಂದದ ಕಥೆ ಅನ್ನಿಸುತ್ತದೆ. ಪತ್ರಿಕೆಗಳೂ ಹಾಗೇ ಬರೆದವು. ದಬ್ಬಾಳಿಕೆಗೆ ಸಿಕ್ಕಿದವರು, ಬಡವರು, ಮರೆತುಹೋದವರು ಸೇರಿ ಆಡುವ ಹಬ್ಬ ಎಂದು. ಆದರೆ ಗೆದ್ದವರ ಪಟ್ಟಿ ನೋಡಿ.

2014ರಲ್ಲಿ ಸ್ವೀಡನ್‌ನ ಓಸ್ಟರ್‌ಸುಂಡ್‌ನಲ್ಲಿ ನಡೆದ ಮೊದಲ ಕೊನಿಫಾ ವಿಶ್ವಕಪ್ ಗೆದ್ದದ್ದು ಫ್ರಾನ್ಸ್‌ನ ನೀಸ್ ಪ್ರದೇಶದ ತಂಡ. 2016ರಲ್ಲಿ ಜಾರ್ಜಿಯಾದಿಂದ ಬೇರೆಯಾದ ಅಬ್ಖಾಜಿಯಾ. 2018ರಲ್ಲಿ ಉಕ್ರೇನ್‌ನ ಹಂಗೇರಿಯನ್ನರ ತಂಡ ಕಾರ್ಪಾಟಲ್ಯಾ. ಕೊನಿಫಾದ ಯುರೋಪಿನ ಕಪ್‌ನಲ್ಲಿ 2015, 2017 ಎರಡು ಸಲವೂ ಉತ್ತರ ಇಟಲಿಯ ಪದಾನಿಯಾ. 2019ರಲ್ಲಿ ಜಾರ್ಜಿಯಾದಿಂದಲೇ ಬೇರೆಯಾದ ದಕ್ಷಿಣ ಒಸೆಟಿಯಾ. ಇವರಲ್ಲಿ ಮನೆಮಠ ಕಳೆದುಕೊಂಡು ಶಿಬಿರದಲ್ಲಿ ಬದುಕುವವರು ಯಾರಿದ್ದಾರೆ? ಪದಾನಿಯಾ ಎಂಬ ಕಲ್ಪನೆ ಬೆಳೆದದ್ದೇ ಉತ್ತರದ ಶ್ರೀಮಂತ ಇಟಲಿ ದಕ್ಷಿಣದ ಬಡವರನ್ನು ಕಳಚಿಕೊಳ್ಳಬೇಕು ಎನ್ನುವ ಲೆಗಾ ನಾರ್ಡ್ ಪಕ್ಷದ ರಾಜಕೀಯದಲ್ಲಿ. ಇಟಲಿಯ ಲೀಗ್‌ಗಳಲ್ಲಿ ಪಳಗಿದ ಆಟಗಾರರು ಅವರಿಗೆ ಬೇಕಾದಷ್ಟು ಸಿಗುತ್ತಾರೆ.

ಈಗ ಪಟ್ಟಿಯ ಇನ್ನೊಂದು ತುದಿ. ಸುಡಾನ್‌ನ ಡಾರ್ಫರ್‌ನಿಂದ ಓಡಿಬಂದು ಚಾಡ್‌ನ ನಿರಾಶ್ರಿತರ ಶಿಬಿರಗಳಲ್ಲಿ ಬೆಳೆದ ಹುಡುಗರ ತಂಡ ಡಾರ್ಫರ್ ಯುನೈಟೆಡ್. ಧೂಳಿನ ನೆಲದಲ್ಲಿ ಆಡಿ ಅಭ್ಯಾಸ. 2014ರಲ್ಲಿ ಅವರು ಓಸ್ಟರ್‌ಸುಂಡ್‌ಗೆ ಬಂದರು. ಪದಾನಿಯಾ ಎದುರು 0-20, ದಕ್ಷಿಣ ಒಸೆಟಿಯಾ ಎದುರು 0-19. ಒಂದೇ ಟೂರ್ನಿ, ಒಂದೇ ಗುಂಪು. ಒಂದು ಕಡೆ ಲೊಂಬಾರ್ಡಿಯ ಕ್ಲಬ್ ಆಟಗಾರರು, ಇನ್ನೊಂದು ಕಡೆ ನರಮೇಧದಿಂದ ತಪ್ಪಿಸಿಕೊಂಡು ಬಂದವರು. ಇಬ್ಬರನ್ನೂ 'ಮಾನ್ಯತೆ ಇಲ್ಲದವರು' ಎಂಬ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಎಷ್ಟು ಸರಿ?

ನನ್ನ ವಾದ ಇಷ್ಟೇ. ಈ ಟೂರ್ನಿಗಳಲ್ಲಿ ನಿಜವಾದ ಗೆರೆ ಇರುವುದು ದೇಶ ಇದ್ದವರು ಮತ್ತು ಇಲ್ಲದವರ ಮಧ್ಯೆ ಅಲ್ಲ. ಬೆನ್ನಿಗೆ ಒಂದು ಸರ್ಕಾರ, ಒಂದು ಪಕ್ಷ, ಒಂದು ಶ್ರೀಮಂತ ನೆಲ ಇದ್ದವರು ಮತ್ತು ಯಾರೂ ಇಲ್ಲದವರ ಮಧ್ಯೆ. ಮೊದಲನೆಯವರು ಟೂರ್ನಿಯನ್ನು ಬಳಸಿಕೊಳ್ಳುತ್ತಾರೆ. ಎರಡನೆಯವರಿಗೆ ಟೂರ್ನಿಗೆ ಬಂದು ತಲುಪುವುದೇ ಸಾಹಸ.

ಅಬ್ಖಾಜಿಯಾವನ್ನೇ ತೆಗೆದುಕೊಳ್ಳಿ. 1992-93ರ ಯುದ್ಧದಲ್ಲಿ ಅದು ಜಾರ್ಜಿಯಾದಿಂದ ಬೇರೆಯಾಯಿತು. 2008ರಲ್ಲಿ ರಷ್ಯಾ ಮಾನ್ಯತೆ ಕೊಟ್ಟಿತು, ಬೆರಳೆಣಿಕೆಯ ಬೇರೆ ದೇಶಗಳೂ ಕೊಟ್ಟವು. 2016ರಲ್ಲಿ ರಾಜಧಾನಿ ಸುಖುಮಿಯಲ್ಲಿ ವಿಶ್ವಕಪ್ ನಡೆದಾಗ ಅಲ್ಲಿನ ಜನಕ್ಕೆ ಅದು ದೊಡ್ಡ ಸಂಗತಿ. ಎಷ್ಟೋ ವರ್ಷದ ನಂತರ ಹೊರಗಿನವರು ತಮ್ಮ ಊರಿಗೆ ಬಂದಿದ್ದರು. ಫೈನಲ್‌ನಲ್ಲಿ ಬ್ರಿಟನ್‌ನ ಪಂಜಾಬಿಗಳ ತಂಡದ ಎದುರು 1-1ರ ಸಮ, ಆಮೇಲೆ ಪೆನಾಲ್ಟಿಯಲ್ಲಿ ಗೆಲುವು. ಸಂಭ್ರಮ ಸುಳ್ಳಲ್ಲ. ಆದರೆ ಅದೇ ಯುದ್ಧದಲ್ಲಿ ಅಲ್ಲಿಂದ ಓಡಿಸಲ್ಪಟ್ಟ ಎರಡು ಲಕ್ಷಕ್ಕೂ ಜಾಸ್ತಿ ಜಾರ್ಜಿಯನ್ನರು ಆ ಕ್ರೀಡಾಂಗಣಕ್ಕೆ ಬರುವ ಹಾಗಿರಲಿಲ್ಲ. ರಷ್ಯಾ ಕಡೆಯಿಂದ ಅಬ್ಖಾಜಿಯಾಕ್ಕೆ ಕಾಲಿಡುವುದು ಜಾರ್ಜಿಯಾದ ಕಾನೂನಿನಲ್ಲಿ ಅಪರಾಧ, ತಂಡಗಳು ಬಂದದ್ದು ಅದೇ ದಾರಿಯಲ್ಲಿ. ಮನೆ ಕಳೆದುಕೊಂಡವರ ಹೆಸರಿನ ಟೂರ್ನಿ, ಬೇರೆಯವರು ಮನೆ ಕಳೆದುಕೊಂಡ ನೆಲದಲ್ಲಿ. ಕೊನಿಫಾ ಈ ಬಗ್ಗೆ ಮಾತಾಡಲು ಬಯಸುವುದಿಲ್ಲ. ರಾಜಕೀಯ ಬೇಡ ಅಲ್ವಾ?

ಕಾರ್ಪಾಟಲ್ಯಾ ಕಥೆಯೂ ಅಷ್ಟೇ ಸಿಕ್ಕುಸಿಕ್ಕು. ಉಕ್ರೇನ್‌ನ ಪಶ್ಚಿಮದ ತುದಿಯಲ್ಲಿ ಹಂಗೇರಿಯನ್ ಮಾತಾಡುವ ಜನರಿದ್ದಾರೆ. 2017ರಲ್ಲಿ ಉಕ್ರೇನ್ ಶಾಲೆಗಳಲ್ಲಿ ಅಲ್ಪಸಂಖ್ಯಾತರ ಭಾಷೆಗೆ ಮಿತಿ ಹಾಕುವ ಶಿಕ್ಷಣ ಕಾನೂನು ತಂದಿತು. ಹಂಗೇರಿ ಕೆಂಡಾಮಂಡಲವಾಯಿತು. ಮರುವರ್ಷವೇ ಈ ಜನರ ತಂಡ ಲಂಡನ್‌ನಲ್ಲಿ ಬೇರೊಂದು ತಂಡದ ಬದಲಿಗೆ ಬಂದು ಕಪ್ ಎತ್ತಿಬಿಟ್ಟಿತು. ಫೈನಲ್‌ನಲ್ಲಿ ಉತ್ತರ ಸೈಪ್ರಸ್ ಎದುರು ಗೋಲಿಲ್ಲದ ಸಮ, ನಂತರ ಪೆನಾಲ್ಟಿಯಲ್ಲಿ 3-2. ಉಕ್ರೇನ್‌ನ ಆಗಿನ ಕ್ರೀಡಾ ಸಚಿವ ಇಹೋರ್ ಜ್ದಾನೊವ್ ಇದು ಪ್ರತ್ಯೇಕತಾವಾದ, ಭದ್ರತಾ ಸಂಸ್ಥೆ ವಿಚಾರಣೆ ನಡೆಸಬೇಕು ಎಂದರು. ಕ್ರೈಮಿಯಾ ಕಳೆದುಕೊಂಡು ನಾಲ್ಕು ವರ್ಷ ಆಗಿದ್ದ ದೇಶದ ಸಚಿವ ಹೀಗೆ ಬೆಚ್ಚಿದ್ದು ಅರ್ಥವಾಗುತ್ತದೆ. ಆಟಗಾರರು ತಾವು ಆಡಲು ಬಂದವರು ಅಷ್ಟೇ ಎಂದದ್ದೂ ಅರ್ಥವಾಗುತ್ತದೆ. ಗಮನಿಸಬೇಕಾದ್ದು ಬೇರೆ. ಹಂಗೇರಿ ಸರ್ಕಾರ ತನ್ನ ಗಡಿಯಾಚೆಯ ಹಂಗೇರಿಯನ್ನರ ಫುಟ್‌ಬಾಲ್‌ಗೆ ವರ್ಷಗಳಿಂದ ದುಡ್ಡು ಹರಿಸುತ್ತಿದೆ. ರೊಮೇನಿಯಾದ ಚಿಕ್‌ಸೆರೆದಾ, ಸರ್ಬಿಯಾದ ಬಾಚ್ಕಾ ಟೊಪೊಲಾದಲ್ಲಿ ಅಕಾಡೆಮಿಗಳು ಎದ್ದದ್ದು ಹೀಗೆ. ಲಂಡನ್‌ನಲ್ಲಿ ಕೊನೆಯ ನಾಲ್ಕಕ್ಕೆ ಬಂದವರಲ್ಲಿ ರೊಮೇನಿಯಾದ ಹಂಗೇರಿಯನ್ನರ ಸೆಕೆಲಿ ಲ್ಯಾಂಡ್ ತಂಡವೂ ಇತ್ತು. ಉಳಿದೆರಡು ಪದಾನಿಯಾ ಮತ್ತು ಟರ್ಕಿಯ ಆಸರೆಯ ಉತ್ತರ ಸೈಪ್ರಸ್. ನಾಲ್ಕಕ್ಕೆ ನಾಲ್ಕೂ ಯುರೋಪಿನ ಕ್ಲಬ್ ಫುಟ್‌ಬಾಲ್‌ನ ನೆರಳಿನಲ್ಲಿ ಬೆಳೆದವು.

ಯಾರೂ ಇಲ್ಲದವರ ಕಥೆ ಪಾಸ್‌ಪೋರ್ಟ್ ಕೌಂಟರ್‌ನಲ್ಲೇ ಶುರುವಾಗುತ್ತದೆ. ಟಿಬೆಟ್ ತಂಡ ನಡೆಯುವುದು ಧರ್ಮಶಾಲಾದಿಂದ. ಆಟಗಾರರಲ್ಲಿ ಅನೇಕರು ಭಾರತದಲ್ಲಿ ನಿರಾಶ್ರಿತರಾಗಿ ಹುಟ್ಟಿ ಬೆಳೆದವರು. ಅವರ ಕೈಯಲ್ಲಿರುವುದು ಪಾಸ್‌ಪೋರ್ಟ್ ಅಲ್ಲ, ಭಾರತ ಸರ್ಕಾರ ಕೊಡುವ ಗುರುತಿನ ಪ್ರಮಾಣಪತ್ರ. ಹೊರದೇಶಕ್ಕೆ ಹೋಗಲು ಅದರ ಮೇಲೆ ವೀಸಾ, ವಾಪಸ್ ಬರಲೂ ಅನುಮತಿ. 2017ರಲ್ಲಿ ಟಿಬೆಟ್‌ನ ಹುಡುಗಿಯರ ತಂಡಕ್ಕೆ ಅಮೆರಿಕದ ಡಲ್ಲಾಸ್ ಕಪ್‌ಗೆ ಆಹ್ವಾನ ಬಂದಿತ್ತು. ತಿಂಗಳುಗಟ್ಟಲೆ ತಯಾರಿ ಮಾಡಿ ದೆಹಲಿಯ ರಾಯಭಾರ ಕಚೇರಿಗೆ ಹೋದರು. ವೀಸಾ ಸಿಗಲಿಲ್ಲ. ದೇಶವಿಲ್ಲದವರು ಬಂದರೆ ಮರಳಿ ಹೋಗುತ್ತಾರೆಂಬ ಖಾತ್ರಿ ಏನು ಎಂಬುದು ವೀಸಾ ಅಧಿಕಾರಿಗಳಿಗೆ ಯಾವತ್ತೂ ಇರುವ ಅನುಮಾನ. ಆ ಅನುಮಾನವನ್ನು ಹೋಗಲಾಡಿಸುವ ಕಾಗದ ಇವರ ಹತ್ತಿರ ಇರುವುದು ಸಾಧ್ಯವೇ ಇಲ್ಲ, ಇದ್ದಿದ್ದರೆ ಇವರು ಈ ಟೂರ್ನಿಗಳಿಗೇ ಬರಬೇಕಾಗಿರಲಿಲ್ಲ.

ಇದೇ ಕಾರಣಕ್ಕೆ ಕೊನಿಫಾದ ಎಷ್ಟೋ ತಂಡಗಳು ತವರಿನ ತಂಡಗಳಲ್ಲ, ವಲಸೆ ಹೋದವರ ಮಕ್ಕಳ ತಂಡಗಳು. ತಮಿಳು ಈಳಂ ತಂಡದ ಹುಡುಗರು ಬರುವುದು ಬ್ರಿಟನ್, ಕೆನಡಾ, ಸ್ವಿಟ್ಜರ್ಲೆಂಡ್, ಫ್ರಾನ್ಸ್‌ನಂಥ ಕಡೆಗಳಿಂದ. ಜಾಫ್ನಾದಲ್ಲೇ ಇರುವ ಒಳ್ಳೆಯ ಆಟಗಾರ ಆ ಅಂಗಿ ತೊಟ್ಟರೆ ಊರಿಗೆ ಮರಳಿದಾಗ ಏನಾಗಬಹುದು ಎಂದು ವಿವರಿಸಬೇಕಿಲ್ಲ. ಅಲ್ಜೀರಿಯಾದ ಬರ್ಬರ್ ಜನರ ಪ್ರದೇಶ ಕಬಿಲಿಯಾದ ತಂಡಕ್ಕೂ ಫ್ರಾನ್ಸ್‌ನಲ್ಲಿರುವವರೇ ಆಧಾರ. 2021ರಲ್ಲಿ ಅಲ್ಜೀರಿಯಾ ಕಬಿಲಿಯಾದ ಸ್ವಯಂನಿರ್ಣಯ ಚಳವಳಿಯನ್ನು ಭಯೋತ್ಪಾದಕ ಸಂಘಟನೆ ಎಂದು ಘೋಷಿಸಿತು. 1958ರಲ್ಲಿ ಫುಟ್‌ಬಾಲ್ ತಂಡ ಕಟ್ಟಿ ಜಗತ್ತಿಗೆ ತನ್ನ ಇರವು ತೋರಿಸಿದ ದೇಶವೇ ಇಂದು ಇನ್ನೊಬ್ಬರ ತಂಡವನ್ನು ಅನುಮಾನದಿಂದ ನೋಡುತ್ತಿದೆ.

ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳವರ ಪಾಡು ಇನ್ನೂ ವಿಚಿತ್ರ. ಅವುಗಳಲ್ಲಿ ಒಂದಾದ ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾನೆಲೆ ಕಟ್ಟಲು ಬ್ರಿಟನ್ 1968ರಿಂದ 1973ರೊಳಗೆ ಅಲ್ಲಿನ ಜನರನ್ನೆಲ್ಲ ಖಾಲಿ ಮಾಡಿಸಿತು. ಇಂದು ಅವರ ತಂಡದ ಹುಡುಗರು ಲಂಡನ್‌ನ ದಕ್ಷಿಣಕ್ಕಿರುವ ಕ್ರಾಲಿ ಪಟ್ಟಣದವರು. ಅವರಲ್ಲಿ ಹೆಚ್ಚಿನವರು ತಮ್ಮ ದ್ವೀಪವನ್ನು ನೋಡಿಯೇ ಇಲ್ಲ. ದ್ವೀಪಗಳ ಒಡೆತನವನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ 2025ರ ಮೇನಲ್ಲಿ ಬ್ರಿಟನ್ ಸಹಿ ಹಾಕಿತು. ಆ ಮಾತುಕತೆಯ ಮೇಜಿನಲ್ಲೂ ಚಾಗೋಸ್ ಜನರಿಗೆ ಕುರ್ಚಿ ಇರಲಿಲ್ಲ. ಫುಟ್‌ಬಾಲ್ ಪಟ್ಟಿಯಲ್ಲಾದರೂ ಅವರ ಹೆಸರು ಒಂದು ಸಾಲಾಗಿ ಇದೆ.

'ರಾಜಕೀಯ ಬೇಡ' ಎಂಬುದು ಸುಳ್ಳು ಎಂದು ತಿಳಿದೂ ನಾನು ಅದನ್ನು ಪೂರ್ತಿ ತಳ್ಳಿಹಾಕಲಾರೆ. ಆ ಸುಳ್ಳಿಲ್ಲದಿದ್ದರೆ ಈ ಟೂರ್ನಿ ಒಂದು ದಿನವೂ ನಡೆಯುವುದಿಲ್ಲ. ಅಬ್ಖಾಜಿಯಾ, ಟಿಬೆಟ್, ಉತ್ತರ ಸೈಪ್ರಸ್ ತಂಡಗಳು ಒಂದೇ ಹೋಟೆಲ್‌ನಲ್ಲಿ ಉಳಿಯಬೇಕಾದರೆ ಯಾರೂ ಯಾರ ಧ್ವಜದ ಬಗ್ಗೆಯೂ ಪ್ರಶ್ನೆ ಎತ್ತಬಾರದು. ಫಿಫಾ ಮಾಡುವುದೂ ಇದನ್ನೇ, ದೊಡ್ಡ ಪ್ರಮಾಣದಲ್ಲಿ. ಯುಇಎಫ್ಎ ಸ್ಪೇನ್ ಮತ್ತು ಜಿಬ್ರಾಲ್ಟರ್ ಒಂದೇ ಗುಂಪಿಗೆ ಬೀಳದಂತೆ ಚೀಟಿ ಎತ್ತುತ್ತದೆ, ಸರ್ಬಿಯಾ ಮತ್ತು ಕೊಸೊವೊ ವಿಷಯದಲ್ಲೂ ಅಷ್ಟೇ. ಆದರೆ ಸುಳ್ಳಿಗೂ ಒಂದು ಮಿತಿ ಇರಬೇಕು. 2019ರ ಯುರೋಪಿನ ಕಪ್ ಅರ್ಮೇನಿಯನ್ನರ ಹಿಡಿತದಲ್ಲಿದ್ದ ಆರ್ಟ್‌ಸಾಖ್‌ನಲ್ಲಿ, ಅಂದರೆ ನಾಗೊರ್ನೊ ಕರಾಬಾಖ್‌ನಲ್ಲಿ ನಡೆಯಿತು. ಅಜರ್‌ಬೈಜಾನ್ ಸಿಟ್ಟಾಯಿತು. 2020ರಲ್ಲಿ ಯುದ್ಧ. 2023ರ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್ ಸೇನೆ ಉಳಿದದ್ದನ್ನೂ ವಶಪಡಿಸಿಕೊಂಡಿತು. ಕೆಲವೇ ದಿನಗಳಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಅರ್ಮೇನಿಯನ್ನರು ಊರು ಬಿಟ್ಟರು. 2024ರ ಜನವರಿ 1ರಂದು ಆ ಆಡಳಿತವೇ ಇಲ್ಲವಾಯಿತು. ಕಪ್ ನಡೆಸಿದ ಆತಿಥೇಯ ನಾಲ್ಕು ವರ್ಷದಲ್ಲಿ ನಕಾಶೆಯಿಂದ ಹೋಯಿತು. ಟೂರ್ನಿಯಿಂದ ಅದಕ್ಕೆ ರಕ್ಷಣೆ ಸಿಗಬೇಕಿತ್ತು ಎಂದು ನಾನು ಹೇಳುತ್ತಿಲ್ಲ, ಅದು ಆಗುವ ಮಾತಲ್ಲ. ಆದರೆ ಯಾವ ನೆಲದಲ್ಲಿ ಆಡಿಸುತ್ತೇವೆ ಎಂಬುದು ಬರೀ ಮೈದಾನದ ಪ್ರಶ್ನೆ ಅಲ್ಲ ಎಂಬುದಂತೂ ಗೊತ್ತಾಯಿತು.

ಅತ್ತ ಕೊನಿಫಾದ ಸ್ಥಿತಿಯೂ ಚೆನ್ನಾಗಿಲ್ಲ. 2020ರ ವಿಶ್ವಕಪ್ ಮೊದಲು ಸೊಮಾಲಿಲ್ಯಾಂಡ್‌ಗೆ ಎಂದಾಯಿತು, ಆಮೇಲೆ ಉತ್ತರ ಮ್ಯಾಸಿಡೋನಿಯಾದ ಸ್ಕೋಪ್ಯೆಗೆ ಬಂತು, ಕೊನೆಗೆ ಕೋವಿಡ್‌ನಿಂದ ರದ್ದಾಯಿತು. 2024ರದ್ದು ಕುರ್ದಿಸ್ತಾನಕ್ಕೆ ಕೊಟ್ಟಿದ್ದರು, ಅದೂ ನಡೆಯಲಿಲ್ಲ. ಮಧ್ಯೆ ಕೆಲವು ತಂಡಗಳು ಮತ್ತು ಕಾರ್ಯಕರ್ತರು ದೂರ ಸರಿದು ವರ್ಲ್ಡ್ ಯೂನಿಟಿ ಫುಟ್‌ಬಾಲ್ ಅಲಯನ್ಸ್ ಎಂಬ ಬೇರೆ ಗುಂಪು ಕಟ್ಟಿಕೊಂಡರು. ಸಂಬಳವಿಲ್ಲದೆ ದುಡಿಯುವ ಉತ್ಸಾಹಿಗಳ ಸಂಸ್ಥೆಗಳಲ್ಲಿ ಇದು ಆಗುವುದೇ. 2018ರಲ್ಲೇ ಅದರ ಸೂಚನೆ ಇತ್ತು. ಬರಾವಾ ತಂಡಕ್ಕೆ ಟೂರ್ನಿಯ ನಡುವೆ ಒಬ್ಬ ಆಟಗಾರನನ್ನು ಸೇರಿಸಲು ಬಿಟ್ಟರೆಂದು ಮ್ಯಾನ್ ದ್ವೀಪದ ಎಲನ್ ವಾನಿನ್ ತಂಡ ಅರ್ಧಕ್ಕೇ ಹೊರನಡೆದಿತ್ತು.

ಹಾಗಾದರೆ ಮುಂದೆ? ಫಿಫಾ ಎಲ್ಲರಿಗೂ ಪೂರ್ಣ ಸದಸ್ಯತ್ವ ಕೊಡುತ್ತದೆ ಎಂದು ಕಾಯುವುದು ವ್ಯರ್ಥ. ಆದರೆ ಮಧ್ಯದ ಮೆಟ್ಟಿಲುಗಳು ಈಗಾಗಲೇ ಇವೆ. ಗ್ರೀನ್‌ಲ್ಯಾಂಡ್‌ಗೆ ಬೇಡ ಎಂದ ಕಾನ್‌ಕಾಕಾಫ್‌ನಲ್ಲೇ 41 ಸದಸ್ಯರಿದ್ದಾರೆ, ಅವರಲ್ಲಿ ಫಿಫಾದಲ್ಲಿರುವುದು 35. ಮಾರ್ಟಿನಿಕ್ ಮತ್ತು ಗ್ವಾಡಲೂಪ್ ಫ್ರಾನ್ಸ್‌ನ ಭಾಗವಾಗಿದ್ದುಕೊಂಡೇ ಆ ಒಕ್ಕೂಟದ ಗೋಲ್ಡ್ ಕಪ್ ಟೂರ್ನಿ ಆಡುತ್ತವೆ. ಓಷಿಯಾನಿಯಾದಲ್ಲಿ ಟುವಾಲು, ಕಿರಿಬಾಟಿಗೆ ಸಹ ಸದಸ್ಯತ್ವ ಇದೆ. ವಿಶ್ವಕಪ್ ಇಲ್ಲ, ಪೂರ್ತಿ ಮತ ಇಲ್ಲ, ಆದರೆ ಪಂದ್ಯ ಇದೆ. 2025ರಲ್ಲಿ ಫಿಫಾ ಇನ್ನೊಂದು ಹೆಜ್ಜೆ ಇಟ್ಟಿತು. ತಾಲಿಬಾನ್ ಬಂದ ಮೇಲೆ ದೇಶ ಬಿಟ್ಟ ಹೆಣ್ಣುಮಕ್ಕಳನ್ನು ಸೇರಿಸಿ ಅಫ್ಘಾನ್ ವಿಮೆನ್ ಯುನೈಟೆಡ್ ಎಂಬ ತಂಡ ಕಟ್ಟಿ, ಮೊರಾಕ್ಕೊದಲ್ಲಿ ಆಡಿಸಿತು. ತವರಿನ ಸಂಸ್ಥೆಯ ಬೆಂಬಲ ಇಲ್ಲದ ತಂಡಕ್ಕೆ ಫಿಫಾ ತಾನೇ ಬೆನ್ನು ಕೊಟ್ಟಿತು. ಲಿಬಿಯಾವನ್ನು ಅವರು 7-0ಯಿಂದ ಸೋಲಿಸಿದರು.

ಈ ದಾರಿ ಗ್ರೀನ್‌ಲ್ಯಾಂಡ್, ಜಾಂಜಿಬಾರ್, ಬ್ರಿಟನ್ ಆಶ್ರಯದ ಜರ್ಸಿ ದ್ವೀಪದಂಥವರಿಗೆ ಸಾಕು, ಏಕೆಂದರೆ ಅವರು ಸೇರಿರುವ ದೇಶಗಳು ಕತ್ತಿ ಹಿಡಿದು ನಿಂತಿಲ್ಲ. ಟಿಬೆಟ್‌ಗೆ ಚೀನಾ, ಪಶ್ಚಿಮ ಸಹಾರಾಕ್ಕೆ ಮೊರಾಕ್ಕೊ ಬಿಡುವುದಿಲ್ಲ. ಅವರಿಗೆ ಉಳಿಯುವುದು ಕೊನಿಫಾ ಅಥವಾ ಅದರಂಥದ್ದೇ. ಅಲ್ಲಿ ಬದಲಾಯಿಸಲು ಆಗುವ ಕೆಲಸಗಳು ದೊಡ್ಡವಲ್ಲ. ಆತಿಥ್ಯ ಕೊಡುವ ಮೊದಲು ಆ ದೇಶ ಎಲ್ಲ ತಂಡಗಳಿಗೂ ವೀಸಾ ಕೊಡುತ್ತದೆ ಎಂಬ ಬರಹದ ಭರವಸೆ ಪಡೆಯಬೇಕು. ಸರ್ಕಾರದ ದುಡ್ಡು ಹಿಂದಿರುವ ತಂಡಗಳಿಂದ ಪ್ರವೇಶ ಶುಲ್ಕ ಜಾಸ್ತಿ ತೆಗೆದುಕೊಂಡು ಶಿಬಿರದ ತಂಡಗಳ ಪ್ರಯಾಣಕ್ಕೆ ಹಾಕಬೇಕು. ಬಲಾಬಲ ನೋಡಿ ಎರಡು ದರ್ಜೆ ಮಾಡಿದರೆ 20-0 ತಪ್ಪುತ್ತದೆ. ಪದಾನಿಯಾ ಇದಕ್ಕೆ ಒಪ್ಪುತ್ತದೋ ಇಲ್ಲವೋ, ಡಾರ್ಫರ್‌ನ ಹುಡುಗರನ್ನು ಮೊದಲು ಕೇಳಿ ನೋಡಬಹುದು.